ಎಡಗಡೆಯ ಬ್ರೇಕು

ನನ್ನ ಕೈಗೆ ಬಂದ ಸೈಕಲ್ಲು ಸರಿಯಾಗದೆ ವಾಪಸ್ಸು ಹೋದದ್ದಿಲ್ಲ. ಜಂಬಕ್ಕೆ ಹೇಳುತ್ತಿಲ್ಲ, ಇದ್ದದ್ದು ಹೇಳುತ್ತಿದ್ದೇನೆ. ಮೂವತ್ತೊಂದು ವರ್ಷದಿಂದ ಅದೇ ಅಂಗಡಿ, ಅದೇ ಮೋಟು ಸ್ಟೂಲು. ರಸ್ತೆಯಲ್ಲಿ ಹೋಗುವ ಸೈಕಲ್ಲಿನ ಚೈನಿನ ಸದ್ದು ಕೇಳಿಯೇ ಅದರ ಹಲ್ಲು ಸವೆದಿದೆಯೋ ಇಲ್ಲವೋ ಹೇಳಿಬಿಡುತ್ತೇನೆ. ನನ್ನ ಕೈಗೆ ಊರಿನಲ್ಲಿ ಮರ್ಯಾದೆ ಇದೆ, ಬಾಯಿಗೆ ಮಾತ್ರ ಇಲ್ಲ. ಯಾರಾದರೂ ಬಂದು “ಹ್ಯಾಂಡಲ್ ಸ್ವಲ್ಪ ಎತ್ತರ ಮಾಡ್ಕೊಡಿ ಮೇಸ್ತ್ರಿ” ಅಂದರೆ, “ಯಾಕೆ, ಸೈಕಲ್ ಮೇಲೆ ನಿಂತು ತೆಂಗಿನಕಾಯಿ ಕೀಳ್ತೀರಾ?” ಅಂತ ಕೇಳುವ ಜಾತಿ ನಾನು. ಬೆನ್ನ ಹಿಂದೆ ನನಗೆ ದೂರ್ವಾಸ ಅಂತ ಹೆಸರಿಟ್ಟಿದ್ದಾರೆ. ಗೊತ್ತಿದೆ, ಕರೆದುಕೊಳ್ಳಲಿ.

ಈಗ ಹೇಳಹೊರಟಿರುವುದು ನಾನು ಸರಿ ಮಾಡಿದ ಒಂದು ಸೈಕಲ್ಲಿನ ಕಥೆ. ಅದು ನನ್ನ ಹೆಂಡತಿಯ ಸೈಕಲ್ಲು.

ಅವಳು ಟೈಲರ್. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿಯ ಪಕ್ಕ ಹೊಲಿಗೆ ಮೆಷಿನ್ನು, ಗೋಡೆಯುದ್ದಕ್ಕೂ ಬಟ್ಟೆ ಕತ್ತರಿಸುವ ಮೇಜು, ಮೂಲೆಯಲ್ಲಿ, ಹೊಲಿದದ್ದು ತೊಟ್ಟು ನೋಡುವವರಿಗೆ ಒಂದು ಪರದೆ. ನನ್ನ ಅಂಗಡಿ ಅದೇ ಬೀದಿಯ ತುದಿಯಲ್ಲಿ. ಹಗಲೆಲ್ಲಾ ಅವಳು ಬಟ್ಟೆ ಕತ್ತರಿಸುತ್ತಿದ್ದಳು, ನಾನು ನಟ್ಟು ಬಿಗಿಯುತ್ತಿದ್ದೆ, ಮಧ್ಯಾಹ್ನ ಊಟಕ್ಕೆ ಕೂತಾಗ ಇಬ್ಬರೂ ಸೇರಿ ಜಗಳ ಆಡುತ್ತಿದ್ದೆವು. ಮಗಳು ಮದುವೆಯಾಗಿ ಹೋದ ಮೇಲೆ ಅವಳ ಗೇರಿನ ಸೈಕಲ್ಲು ಮನೆಯಲ್ಲೇ ಉಳಿಯಿತು. ನಲವತ್ತೇಳನೇ ವಯಸ್ಸಿನಲ್ಲಿ ಇವಳು ಅದನ್ನು ಕಲಿಯುತ್ತೇನೆ ಅಂತ ಹಟ ಹಿಡಿದಳು. ಎರಡು ದಿನ ನಾನು ಕಲಿಸಲು ಹೋದೆ. ಮೂರನೆಯ ದಿನ, “ನೀವು ಅಂಗಡಿಗೆ ಹೋಗ್ರೀ ಮಾರಾಯ್ರೇ. ನಿಮ್ಮ ಬೈಗುಳ ಕೇಳೋದಕ್ಕಿಂತ ನಾನೇ ಬಿದ್ದು ಎದ್ದು ಕಲೀತೀನಿ” ಅಂತ ನನ್ನನ್ನು ಓಡಿಸಿದಳು. ಹಾಗೇ ಕಲಿತಳು ಕೂಡ. ಹೊಲಿದ ಬಟ್ಟೆಯನ್ನು ಬುಟ್ಟಿಯಲ್ಲಿಟ್ಟುಕೊಂಡು ಮನೆಮನೆಗೆ ಕೊಟ್ಟು ಬರಲು ಶುರು ಮಾಡಿದಳು. ಬೀದಿಯ ತಿರುವಿನಲ್ಲಿ ಯಾರೂ ಅಡ್ಡ ಇಲ್ಲದಿದ್ದರೂ ಟ್ರಿಣ್ ಟ್ರಿಣ್ ಅಂತ ಬೆಲ್ಲು ಹೊಡೆಯುತ್ತಿದ್ದಳು. “ಯಾರಿಗೇ ಅದು, ಗಾಳಿಗಾ?” ಅಂತ ಅಂಗಡಿಯಿಂದಲೇ ಕೂಗುತ್ತಿದ್ದೆ. “ನಿಮಗೇ!” ಅಂತ ಕೂಗಿ ಮುಂದೆ ಹೋಗುತ್ತಿದ್ದಳು.

ಒಂದು ದಿನ ಅವಳ ಮೇಜಿನ ಮೇಲೆ ಹೊಸ ಕತ್ತರಿ ಕಂಡಿತು. ದಾರದ ತುದಿ ಕತ್ತರಿಸೋಣ ಅಂತ ಎತ್ತಿಕೊಂಡೆ. ಅದು ಕತ್ತರಿಸುವ ಬದಲು ದಾರವನ್ನು ಮಡಚಿ ಕಚ್ಚಿಕೊಂಡಿತು.

“ಇದೇನೇ ಇದು? ಯಾರು ನಿನ್ನ ತಲೆಗೆ ಕಟ್ಟಿದ್ದು?”

“ಅದು ಎಡಗೈಯವರ ಕತ್ತರಿ ಕಣ್ರೀ. ನಿಮ್ಮ ಕೈಗೆ ಆಗಲ್ಲ, ಇಡಿ ಅಲ್ಲಿ.”

“ನೀನು ಯಾವಾಗಿಂದ ಎಡಚಿ ಆದೆ?” ಅಂತ ನಕ್ಕೆ. ಅವಳೂ ನಕ್ಕಳು. ಬಲಗೈ ಹೆಬ್ಬೆರಳಿನ ಬುಡದಲ್ಲಿ ನೋವು, ಅದು ಇದು ಅಂತ ಏನೋ ಹೇಳಲು ಶುರು ಮಾಡಿದಳು. ಅಷ್ಟರಲ್ಲಿ ಅಂಗಡಿಯ ಹತ್ತಿರ ಯಾರೋ ನನ್ನನ್ನು ಕೂಗಿದರು. ನಾನು ಹೋದೆ.

ಆಮೇಲೆ ಕೆಲವು ದಿನ ಬಿಟ್ಟು ಅಂಗಡಿಗೆ ಬಂದು ನಿಂತಳು. ನಾನು ಒಂದು ಡೊಂಕು ಚಕ್ರ ಇಟ್ಟುಕೊಂಡು ಕಡ್ಡಿ ಬಿಗಿಯುತ್ತಿದ್ದೆ. ಅದು ಉಸಿರು ಬಿಗಿಹಿಡಿದು ಮಾಡುವ ಕೆಲಸ. “ರೀ, ನನ್ನ ಸೈಕಲ್ಲಿನ ಮುಂದಿನ ಬ್ರೇಕು ಎಡಗಡೆಗೆ ಹಾಕ್ಕೊಡ್ತೀರಾ?” ಅಂದಳು. “ಪ್ರಪಂಚಕ್ಕೆಲ್ಲಾ ಬಲಗಡೆ, ನಿನಗೊಬ್ಬಳಿಗೆ ಎಡಗಡೆಯಾ? ಹೋಗೇ, ತಲೆ ತಿನ್ನಬೇಡ” ಅಂದೆ. ಯಾಕೆ ಅಂತ ಕೇಳಲಿಲ್ಲ. ತಲೆಯೆತ್ತಿ ಅವಳ ಮುಖ ಕೂಡ ನೋಡಲಿಲ್ಲ. ಚಕ್ರ ಸರಿಯಾಗುವಷ್ಟರಲ್ಲಿ ಅವಳು ಬಂದದ್ದೂ ಕೇಳಿದ್ದೂ ನನಗೆ ಮರೆತುಹೋಗಿತ್ತು.

ಬಸ್ ನಿಲ್ದಾಣದ ಆಚೆ ಇನ್ನೊಂದು ಸೈಕಲ್ ಅಂಗಡಿ ಇದೆ. ಅದರವನು ಎಂಟು ವರ್ಷ ನನ್ನ ಹತ್ತಿರವೇ ಕೆಲಸ ಮಾಡಿದವನು. ಒಂದು ಪಂಕ್ಚರಿಗೆ ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದ, ಅದಕ್ಕೇ ನಿಧಾನಿ ಅಂತ ನಾನೇ ಹೆಸರಿಟ್ಟೆ. ಸೈಕಲ್ ತಂದವರನ್ನು ಕೂರಿಸಿ, ಎಲ್ಲಿ ಓಡಿಸ್ತೀರಿ, ಬೆನ್ನು ನೋಯತ್ತಾ, ಮಂಡಿ ಹೇಗಿದೆ ಅಂತ ಡಾಕ್ಟರ ಹಾಗೆ ವಿಚಾರಿಸುತ್ತಾನೆ. ನನಗೆ ಅದನ್ನು ನೋಡಿದರೆ ಮೈಯೆಲ್ಲಾ ಉರಿ. ನನ್ನ ಹಳೇ ಗಿರಾಕಿಗಳು ಒಬ್ಬೊಬ್ಬರೇ ಅತ್ತ ಹೋಗುತ್ತಿದ್ದರು ಅನ್ನುವುದೂ ಉರಿಗೆ ಒಂದು ಕಾರಣ, ಸುಳ್ಳು ಯಾಕೆ ಹೇಳಲಿ.

ಇನ್ನು ದ್ವೀಪದ ವಿಷಯ. ನಮ್ಮ ಊರಿನ ದಡದಲ್ಲಿ ನಿಂತರೆ ಅದು ಎದುರಿಗೇ ಕಾಣುತ್ತದೆ, ಸಮುದ್ರದಲ್ಲಿ ಎದ್ದು ನಿಂತ ನಾಲ್ಕು ಗುಡ್ಡ. ಲಾಂಚಿನಲ್ಲಿ ನಲವತ್ತು ನಿಮಿಷದ ದಾರಿ. ಅದರ ಸುತ್ತ ಇಪ್ಪತ್ತೆಂಟು ಕಿಲೋಮೀಟರಿನ ಒಂದು ರಸ್ತೆ ಇದೆ. ಲಾಂಚು ನಿಲ್ಲುವ ಧಕ್ಕೆಯಲ್ಲಿ ಇಳಿದ ಕೂಡಲೇ ಏರು, ಆಮೇಲೆ ಗುಡ್ಡದ ನೆತ್ತಿಯ ಮೇಲೆ ಸಮತಟ್ಟು, ಅಲ್ಲಿಂದ ಆಚೆ ಬದಿಗೆ ಕಡಿದಾದ ಇಳಿಜಾರು, ಇಳಿದರೆ ಮೀನುಗಾರರ ಒಂದು ಕೊಲ್ಲಿ, ಕೊಲ್ಲಿಯ ತುದಿಯಲ್ಲಿ ದೀಪಸ್ತಂಭ. ಆ ದೀಪಸ್ತಂಭದ ಚಿತ್ರವಿದ್ದ ಒಂದು ಹಳೇ ಕ್ಯಾಲೆಂಡರು ನನ್ನ ಹೆಂಡತಿಯ ಮೇಜಿನ ಮೇಲ್ಗಡೆ ನೇತಾಡುತ್ತಿತ್ತು. ವರ್ಷ ಮುಗಿದರೂ ಅವಳು ಅದನ್ನು ತೆಗೆಯಲಿಲ್ಲ. “ಒಂದು ಸಲ ಸೈಕಲ್ಲಲ್ಲೇ ಹೋಗಿ ಅದರ ಬುಡದಲ್ಲಿ ಕೂತು ಬುತ್ತಿ ತಿನ್ನಬೇಕು ಕಣ್ರೀ. ನಾವಿಬ್ಬರೇ” ಅನ್ನುತ್ತಿದ್ದಳು. ಮುಂದಿನ ತಿಂಗಳು, ಮಳೆ ಕಳೀಲಿ, ಕೆಲಸ ಇದೆ ಅಂತ ಮೂರು ವರ್ಷ ತಳ್ಳಿದೆ. ನಾಲ್ಕನೇ ವರ್ಷ ಅವಳೇ ದಿನ ಗೊತ್ತು ಮಾಡಿ, ಲಾಂಚಿನ ಹೊತ್ತು ವಿಚಾರಿಸಿಕೊಂಡು ಬಂದು, “ನೀವು ಬಂದ್ರೆ ಬನ್ನಿ, ಇಲ್ಲದಿದ್ರೆ ನಾನೊಬ್ಳೇ ಹೊರಟೆ” ಅಂದಳು.

ಹೊರಡುವ ಮುಂಚಿನ ಭಾನುವಾರ ಮಧ್ಯಾಹ್ನ ಎರಡೂ ಸೈಕಲ್ಲುಗಳನ್ನು ಅಂಗಡಿಗೆ ತಂದು ಬಿಚ್ಚಿದೆ. ಅವಳದನ್ನು ನಾನು ಮುಟ್ಟಿ ವರ್ಷವೇ ಆಗಿತ್ತು. ಬಲಗಡೆಯ ಬ್ರೇಕು ಎಳೆದು ನೋಡಿದರೆ ಹಿಂದಿನ ಚಕ್ರ ಹಿಡಿಯುತ್ತಿದೆ! ಎಡಗಡೆ ಎಳೆದರೆ ಮುಂದಿನದು! ನಮ್ಮ ಕಡೆ ಯಾರೂ ಹಾಗೆ ಹಾಕುವುದಿಲ್ಲ. ಬ್ರೇಕಿನ ವೈರಿನ ತುದಿಗೆ ಪುಟ್ಟ ಗಂಟು ಹಾಕಿ ಮಡಚಿದ್ದು ನೋಡಿದ ಕೂಡಲೇ ಇದು ನಿಧಾನಿಯ ಕೆಲಸ ಅಂತ ಗೊತ್ತಾಯಿತು. ಕೋಪ ನೆತ್ತಿಗೇರಿತು ನನಗೆ. ಒಂದು, ನನ್ನ ಹೆಂಡತಿ ನನ್ನನ್ನು ಬಿಟ್ಟು ಅವನ ಅಂಗಡಿಗೆ ಹೋಗಿದ್ದಾಳೆ. ಎರಡು, ಎಂಟು ವರ್ಷ ನನ್ನ ಕೆಳಗೆ ಕಲಿತ ಮಹಾಶಯ ವೈರು ಬದಲಾಯಿಸುವಾಗ ಬಲ ಯಾವುದು ಎಡ ಯಾವುದು ಅಂತ ನೋಡಿಲ್ಲ. ಇವಳೇ ಬೇಕಂತ ಹಾಗೆ ಹಾಕಿಸಿಕೊಂಡಿರಬಹುದು ಅನ್ನುವ ಯೋಚನೆ ನನ್ನ ತಲೆಯ ಹತ್ತಿರವೂ ಸುಳಿಯಲಿಲ್ಲ.

ಸರಿ ಮಾಡಿದೆ. ಹೊಸ ವೈರು, ಹೊಸ ರಬ್ಬರು, ಮುಂದಿನದು ಬಲಕ್ಕೆ, ಹಿಂದಿನದು ಎಡಕ್ಕೆ. ಇಳಿಜಾರಿನಲ್ಲಿ ಗಾಡಿಯನ್ನು ನಿಲ್ಲಿಸುವುದು ಮುಂದಿನ ಬ್ರೇಕು. ಹಿಂದಿನದು ಸುಮ್ಮನೆ ಜೊತೆಗಿರುತ್ತದೆ. ಅದೊಂದನ್ನೇ ಬಿಗಿಯಾಗಿ ಹಿಡಿದರೆ ಚಕ್ರ ತಿರುಗುವುದು ನಿಲ್ಲುತ್ತದೆ, ಸೈಕಲ್ಲು ಜಾರುವುದು ನಿಲ್ಲುವುದಿಲ್ಲ. ಅದಕ್ಕೇ ಎರಡೆರಡು ಸಲ ಎಳೆದು ನೋಡಿದೆ. ಬೆಣ್ಣೆಯ ಹಾಗೆ ಹಿಡಿಯುತ್ತಿತ್ತು.

ಅವಳಿಗೆ ಹೇಳಲಿಲ್ಲ. ಹೇಳಿದರೆ ನಿಧಾನಿಯ ಹೆಸರು ಬರುತ್ತದೆ, ನನಗೆ ಕೋಪ ಬರುತ್ತದೆ, ಹೊರಡುವ ಹೊತ್ತಿಗೆ ಮನೆ ರಣರಂಗ ಆಗುತ್ತದೆ. ಸುಮ್ಮನಿರುವುದು ನನ್ನ ದೊಡ್ಡತನ ಅಂದುಕೊಂಡೆ. ನಿಜವಾಗಿ ಹಾಗೇ ಅಂದುಕೊಂಡಿದ್ದೆ.

ಆ ದಿನ ಬಹಳ ಚೆನ್ನಾಗಿತ್ತು. ಬೆಳಗಿನ ಲಾಂಚಿನಲ್ಲಿ ಸೈಕಲ್ಲುಗಳನ್ನು ಕಂಬಿಗೆ ಕಟ್ಟಿ, ಪಕ್ಕದಲ್ಲೇ ಹಗ್ಗದ ಸುರುಳಿಯ ಮೇಲೆ ಕೂತೆವು. ಲಾಂಚಿನವನು ಟಿಕೆಟು ಹರಿಯುತ್ತಾ, “ಯಜಮಾನ್ರೇ, ಅಲ್ಲಿ ಬರೀ ಗುಡ್ಡ. ಸೈಕಲ್ಲು ನಿಮ್ಮನ್ನ ಹೊರತ್ತೋ, ನೀವು ಸೈಕಲ್ಲನ್ನ ಹೊರ್ತೀರೋ?” ಅಂದ. “ಸೈಕಲ್ಲನ್ನ ಇವರು ಹೊರ್ತಾರೆ, ಇವರ ಕೋಪವನ್ನ ನಾನು ಹೊರ್ತೀನಿ” ಅಂದಳು ನನ್ನ ಹೆಂಡತಿ. ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಿಜ ಹೇಳಬೇಕೆಂದರೆ ಆ ದಿನ ನನಗೆ ಕೋಪ ಬರುವ ಹಾಗೇ ಇರಲಿಲ್ಲ.

ಏರು ಶುರುವಾದ ಮೇಲೆ ನನ್ನ ಉಸಿರು ನನಗೇ ಸಿಗಲಿಲ್ಲ. ಸೈಕಲ್ ರಿಪೇರಿ ಮಾಡುವವನು ಸೈಕಲ್ ತುಳಿಯುವುದೇ ಕಡಿಮೆ, ಈ ಮಾತು ಯಾರೂ ಹೇಳುವುದಿಲ್ಲ. ಅವಳು ಸಣ್ಣ ಗೇರಿಗೆ ಹಾಕಿಕೊಂಡು, ಮೆಷಿನ್ನು ತುಳಿದ ಕಾಲಲ್ಲವೇ, ಒಂದೇ ಲಯದಲ್ಲಿ ಹತ್ತುತ್ತಾ ಹೋದಳು. ಪ್ರತಿ ತಿರುವಿನಲ್ಲೂ ಕಾಲೂರಿ ನಿಂತು ನನಗಾಗಿ ಕಾಯುತ್ತಿದ್ದಳು. “ಬನ್ನಿ ಮೇಸ್ತ್ರಿ, ಬನ್ನಿ. ಚೈನಿಗೆ ಎಣ್ಣೆ ಹಾಕಿದ್ರಿ, ಮಂಡಿಗೆ ಹಾಕ್ಕೊಳ್ಳೋದು ಮರೆತ್ರಾ?” ಅಂತ ರೇಗಿಸಿದಳು. ಕೆಳಗೆ ಸಮುದ್ರ ಒಂದೊಂದು ತಿರುವಿನಲ್ಲಿ ಒಂದೊಂದು ಬಣ್ಣದಲ್ಲಿ ಕಾಣುತ್ತಿತ್ತು. ದಡದ ಹತ್ತಿರ ಹಸಿರು, ಆಚೆ ನೀಲಿ, ಮೋಡದ ನೆರಳು ಬಿದ್ದ ಕಡೆ ಕಪ್ಪು. ಮೊಣಕಾಲೆತ್ತರದ ಕಲ್ಲಿನ ಗೋಡೆಗಳ ಆಚೆ ಒಣಹುಲ್ಲಿನಲ್ಲಿ ಆಡುಗಳು ನಿಂತು, ಇವರಿಗೇನು ಬಂದಿದೆ ರೋಗ ಅನ್ನುವ ಹಾಗೆ ನಮ್ಮನ್ನೇ ನೋಡುತ್ತಿದ್ದವು.

ಗುಡ್ಡದ ನೆತ್ತಿ ತಲುಪಿದಾಗ ಹನ್ನೊಂದೂವರೆ. ಗಾಳಿ ಎಷ್ಟು ಜೋರಾಗಿತ್ತೆಂದರೆ ಮಾತು ಬಾಯಿಂದ ಹೊರಬಿದ್ದ ಕೂಡಲೇ ಹಾರಿಹೋಗುತ್ತಿತ್ತು. ಅಲ್ಲಿಂದ ಆಚೆ ಬದಿ ಕಾಣಿಸಿತು. ರಸ್ತೆ ಅಂಕುಡೊಂಕಾಗಿ ಇಳಿದು ಕೊಲ್ಲಿಗೆ ಸೇರುತ್ತಿತ್ತು. ಕೊಲ್ಲಿಯ ತುದಿಯ ಬಂಡೆಯ ಮೇಲೆ ದೀಪಸ್ತಂಭ, ಅವಳು ಬಟ್ಟೆಯ ಮೇಲೆ ಗೆರೆ ಎಳೆಯುವ ಸೀಮೆಸುಣ್ಣದಷ್ಟು.  ಬೆವರಿನ ಮುಖ ಸೆರಗಿನಿಂದ ಒರೆಸಿಕೊಂಡು, ನನ್ನ ತೋಳು ಹಿಡಿದುಕೊಂಡು ನಿಂತಳು. ಮದುವೆಯಾದ ಹೊಸದರಲ್ಲಿ ಹಾಗೆ ಹಿಡಿದುಕೊಂಡಿದ್ದಳು, ಅದು ಬಿಟ್ಟರೆ ಅವತ್ತೇ.

ಹೊರಡುವ ಮುಂಚೆ ಬ್ರೇಕು ಎಳೆದು ನೋಡಿಕೊಂಡಳು. “ಯಾಕೋ ಬ್ರೇಕು ಬೇರೆ ಥರ ಅನ್ನಿಸತ್ತೆ ಕಣ್ರೀ.”

“ಹೊಸ ವೈರು, ಹೊಸ ರಬ್ಬರು. ಮೊದಮೊದಲು ಹಾಗೇ ಇರತ್ತೆ. ನಾನು ಕೈಯಿಟ್ಟ ಮೇಲೆ ಮುಗೀತು, ನಂಬಿ ಹೊರಡು” ಅಂದೆ.

ಅವಳು ನಂಬಿದಳು.

ನಾನು ಮುಂದೆ ಇಳಿದೆ. ಎರಡು ತಿರುವು ಆಯಿತು. ಹಿಂದಿನಿಂದ ಅವಳ ಬೆಲ್ಲು ಕೇಳುತ್ತಿತ್ತು, ಸುಮ್ಮನೆ ಖುಷಿಗೆ ಹೊಡೆಯುತ್ತಿದ್ದಾಳೆ ಅಂದುಕೊಂಡೆ. ಮೂರನೆಯ ತಿರುವಿನಲ್ಲಿ ರಸ್ತೆಯ ಮೇಲೆ ಜಲ್ಲಿ ಚೆಲ್ಲಿತ್ತು. “ಜಲ್ಲಿ ಇದೆ, ನಿಧಾನ!” ಅಂತ ಕೂಗಿ ನಾನು ದಾಟಿದೆ. ಆಮೇಲೆ ರಬ್ಬರು ನೆಲಕ್ಕೆ ಉಜ್ಜುವ ಸದ್ದು ಉದ್ದಕ್ಕೆ ಕೇಳಿತು. ಹಿಂದಿನ ಚಕ್ರ ಮಾತ್ರ ಹಿಡಿದಾಗ ಬರುವ ಸದ್ದು ಅದು. ಇಪ್ಪತ್ತೊಂಬತ್ತು ವರ್ಷ ಪಳಗಿದ ಕಿವಿ, ತಿರುಗಿ ನೋಡುವ ಮುಂಚೆಯೇ ಗೊತ್ತಾಯಿತು. ತಿರುಗಿದಾಗ ಅವಳ ಸೈಕಲ್ಲು ಅಡ್ಡಡ್ಡ ಜಾರುತ್ತಾ ಬಂದು ಕಲ್ಲಿನ ಗೋಡೆಗೆ ಬಡಿಯಿತು. ಅವಳು ಎಡ ಮೊಣಕೈ ಊರಿ ಬಿದ್ದಳು. ಬುತ್ತಿಯ ಡಬ್ಬಿ ಉರುಳುತ್ತಾ ನನ್ನ ಕಾಲ ಹತ್ತಿರ ಬಂದು ನಿಂತಿತು.

ಓಡಿದೆ. ಅಯ್ಯೋ, ಅಯ್ಯೋ ಅನ್ನುವುದು ಬಿಟ್ಟು ಬಾಯಲ್ಲಿ ಏನೂ ಬರಲಿಲ್ಲ. ಅವಳು ಕಣ್ಣು ಬಿಟ್ಟು ಮೊದಲು ಹೇಳಿದ್ದು, “ಬೈಬೇಡಿ.”

ಮೀನಿನ ಗಾಡಿಯೊಂದು ನಮ್ಮನ್ನೂ ಸೈಕಲ್ಲುಗಳನ್ನೂ ಧಕ್ಕೆಗೆ ತಲುಪಿಸಿತು. ಮಧ್ಯಾಹ್ನದ ಲಾಂಚಿನಲ್ಲಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ವಾಪಸ್ಸು ಬಂದೆ. ಮೊಣಕೈ ಮೂರು ತುಂಡಾಗಿದೆ ಅಂದರು ಡಾಕ್ಟರು. ಪ್ಲೇಟು, ಸ್ಕ್ರೂ ಹಾಕಿ ಜೋಡಿಸಿದರು. ನಾನು ಜೀವನವಿಡೀ ಮಾಡಿದ ಕೆಲಸವನ್ನೇ ಅವರು ಅವಳ ಕೈಗೆ ಮಾಡಿದರು.

ಎರಡನೆಯ ದಿನ ಬೆಳಿಗ್ಗೆ ನರ್ಸಮ್ಮ ಅವಳ ಬಲಗೈಗೆ ಕಾಫಿ ಲೋಟ ಕೊಟ್ಟರು. ಲೋಟ ಜಾರಿ ಹಾಸಿಗೆಯ ಮೇಲೆ ಚೆಲ್ಲಿತು. “ಈ ಕೈಗೂ ಪೆಟ್ಟಾಗಿದೆಯಾ?” ಅಂತ ನರ್ಸಮ್ಮ ಗಾಬರಿಯಾದರು.

“ಇಲ್ಲಮ್ಮ, ಇದು ಹಳೇದು. ಕತ್ತರಿ ಹಿಡಿದು ಹಿಡಿದು ಹೆಬ್ಬೆರಳು ಸತ್ತುಹೋಗಿದೆ. ಒಂದೂವರೆ ವರ್ಷದಿಂದ ಏನನ್ನೂ ಬಿಗಿಯಾಗಿ ಹಿಡಿಯೋಕಾಗಲ್ಲ. ಎಲ್ಲಾ ಎಡಗೈಯಲ್ಲೇ.” ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದಳು. “ರೀ, ಒಂದು ಮಾತು ಹೇಳ್ತೀನಿ, ಕೂಗಾಡಬೇಡಿ. ಮುಂದಿನ ಬ್ರೇಕು ಎಡಗಡೆಗೆ ಹಾಕಿಸ್ಕೊಂಡಿದ್ದೆ, ನಿಧಾನಿ ಹತ್ರ. ನಿಮ್ಮನ್ನೇ ಕೇಳಿದ್ದೆ ಒಂದ್ಸಲ, ನೀವು ಕೆಲಸದಲ್ಲಿದ್ರಿ.”

 ಆ ಡೊಂಕು ಚಕ್ರ, ಅವಳು ಬಾಗಿಲಲ್ಲಿ ನಿಂತದ್ದು, ನಾನು ಅಂದದ್ದು, ಆ ಕತ್ತರಿ, ಎಲ್ಲಾ ಒಟ್ಟಿಗೆ ನೆನಪಾಯಿತು.

“ಆದ್ರೂ ನೋಡಿ, ಎಡಗೈಯಲ್ಲಿ ಹಿಡಿದ ಹಾಗೇ ಇತ್ತು, ಗಾಡಿ ನಿಲ್ಲಲೇ ಇಲ್ಲ. ಹೆದರಿಕೇಲಿ ಸರಿಯಾಗಿ ಹಿಡಿದಿಲ್ಲ ಅನ್ಸತ್ತೆ. ನೀವು ಅಷ್ಟು ಚೆನ್ನಾಗಿ ಹೊಸ ವೈರು ಹಾಕಿದ್ರಿ. ನನ್ನಿಂದ ಎಲ್ಲಾ ಹಾಳಾಯ್ತು.”

ಆಗ ಹೇಳಬೇಕಿತ್ತು.  ನರ್ಸಮ್ಮ ಹಾಸಿಗೆ ಬದಲಾಯಿಸಲಿ, ಆಮೇಲೆ ಹೇಳೋಣ ಅಂದುಕೊಂಡೆ. ಡಾಕ್ಟರು ಬಂದು ಹೋಗಲಿ ಅಂದುಕೊಂಡೆ. ಅವಳ ನೋವು ಸ್ವಲ್ಪ ಇಳಿಯಲಿ ಅಂದುಕೊಂಡೆ. ಹಾಗೆ ಅಂದುಕೊಳ್ಳುತ್ತಲೇ ಆ ಮಧ್ಯಾಹ್ನ ಅಂಗಡಿಗೆ ಹೋಗಿ, ಅರ್ಧ ಬಾಗಿಲೆಳೆದು, ಅವಳ ಸೈಕಲ್ಲಿನ ಬ್ರೇಕುಗಳನ್ನು ಮತ್ತೆ ಅದಲುಬದಲು ಮಾಡಿದೆ. ಮುಂದಿನದು ಎಡಕ್ಕೆ, ಹಿಂದಿನದು ಬಲಕ್ಕೆ, ನಿಧಾನಿ ಹಾಕಿದ್ದ ಹಾಗೇ. ವೈರಿನ ತುದಿಗೆ ಅವನ ಹಾಗೇ ಪುಟ್ಟ ಗಂಟು ಕೂಡ ಹಾಕಿದೆ. ಹದಿನೈದು ನಿಮಿಷದ ಕೆಲಸ. ಥೂ, ನನ್ನ ಜನ್ಮಕ್ಕಿಷ್ಟು.

ಮಾರನೇ ದಿನ ಸುದ್ದಿ ಕೇಳಿ ನಿಧಾನಿ ಅಂಗಡಿಗೆ ಬಂದ. ಗೋಡೆಗೆ ಒರಗಿಸಿದ್ದ ಸೈಕಲ್ಲಿನ ಎಡಗಡೆಯ ಬ್ರೇಕು ಎಳೆದು ನೋಡಿದ, ಬಲಗಡೆಯದು ಎಳೆದು ನೋಡಿದ. ಮುಖ ಇಷ್ಟೇ ಇಷ್ಟಾಯಿತು. “ಅಣ್ಣಾ, ಅತ್ತಿಗೆ ಕೇಳಿದ್ರು ಅಂತ ಹೀಗೆ ಹಾಕಿಕೊಟ್ಟೆ. ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು. ಗಾಬರೀಲಿ ಯಾವ ಕೈ ಯಾವುದಕ್ಕೆ ಅಂತ ತಪ್ಪಿತೇನೋ. ನನ್ನಿಂದಲೇ ಹೀಗಾಯ್ತು.”  ನನ್ನಂಥ ಬಾಯಿಬಡುಕ, ಅವತ್ತು ತುಟಿ ಬಿಚ್ಚಲಿಲ್ಲ. ಅವನು ತಲೆ ತಗ್ಗಿಸಿಕೊಂಡು ಹೋದ.

ಹೀಗೆ ಎರಡು ವರ್ಷ ಕಳೆಯಿತು. ಡೊಂಕಾದ ಚಕ್ರ ಸರಿ ಮಾಡಿ ಸೈಕಲ್ಲನ್ನು ಮನೆಯ ಹಿಂದಿನ ಓಣಿಯಲ್ಲಿ ನಿಲ್ಲಿಸಿದೆ. ತಿಂಗಳಿಗೊಮ್ಮೆ ಎಣ್ಣೆ ಹಾಕಿ, ಗಾಳಿ ತುಂಬಿ ಒರೆಸಿಡುತ್ತಿದ್ದೆ. ಅವಳು ಅದರ ಹತ್ತಿರ ಹೋಗಲಿಲ್ಲ. ಬಟ್ಟೆ ಕೊಡಲು ನಡೆದುಕೊಂಡೇ ಹೋಗುತ್ತಿದ್ದಳು. ದೀಪಸ್ತಂಭದ ಕ್ಯಾಲೆಂಡರಿನ ಮೇಲೆ ಗಿರಾಕಿಗಳ ಅಳತೆಯ ಚೀಟಿಗಳನ್ನು ಚುಚ್ಚತೊಡಗಿದಳು. ಕೆಲವು ತಿಂಗಳಲ್ಲಿ ಚಿತ್ರವೇ ಕಾಣದ ಹಾಗಾಯಿತು.

ಬಿದ್ದ ಕಥೆಯನ್ನು ಮಾತ್ರ ಬಂದವರಿಗೆಲ್ಲಾ ಹೇಳುತ್ತಿದ್ದಳು. ಪ್ರತಿ ಸಲವೂ ಸ್ವಲ್ಪ ಉಪ್ಪುಖಾರ ಹೆಚ್ಚು. “ಇವರು ಹೊಸ ಬ್ರೇಕು ಹಾಕ್ಕೊಟ್ರೂ ನನ್ನಂಥ ಪುಕ್ಕಲಿ ಏನ್ಮಾಡ್ತಾಳೆ ಹೇಳಿ! ಇಳಿಜಾರು ನೋಡಿದ್ದೇ ಕೈ ಬಿಟ್ಟೇಬಿಟ್ಟೆ. ಸದ್ಯ ಮೊಣಕೈ ಹೋಯ್ತು, ತಲೆ ಹೋಗಿದ್ರೆ ಇವರ ಕೋಪಕ್ಕೆ ಗಿರಾಕಿ ಯಾರು?” ಎಲ್ಲರೂ ನಗುತ್ತಿದ್ದರು. ನಾನು ಊಟದ ತಟ್ಟೆ ನೋಡುತ್ತಾ ಕೂತಿರುತ್ತಿದ್ದೆ.

ಹೋದ ಶನಿವಾರ ಮಧ್ಯಾಹ್ನ ಪಕ್ಕದ ಬೀದಿಗೆ ಹೊಸದಾಗಿ ಬಂದ ಟೀಚರಮ್ಮ ಅಳತೆ ಕೊಡಲು ಬಂದಿದ್ದರು. ಎಲ್ಲಾದರೂ ಹಳೇ ಸೈಕಲ್ಲು ಸಿಗತ್ತಾ ಅಂತ ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮುಂಚೆ ಇವಳು, “ನನ್ನದೇ ಇದೆ, ತಗೊಂಡು ಹೋಗಿ. ಇವರು ತೊಟ್ಟಿಲ ಮಗು ಹಾಗೆ ಇಟ್ಟಿದ್ದಾರೆ. ಗಾಡಿ ತಪ್ಪೇನಿಲ್ಲ, ತಪ್ಪೆಲ್ಲಾ ನನ್ನ ಕೈದು. ನೀವು ನನ್ನ ಹಾಗೆ ಹೆದರ್ಕೋಬೇಡಿ, ಅಷ್ಟೇ” ಅಂದಳು. ಈ ಸಲ ನಗಲಿಲ್ಲ.

“ಅವಳು ಹೆದರಲಿಲ್ಲ” ಅಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. “ಬ್ರೇಕು ನಾನು ಬದಲಾಯಿಸಿದ್ದೆ.”

ಟೀಚರಮ್ಮ ನಮ್ಮಿಬ್ಬರ ಮುಖ ನೋಡಿ, ಆಮೇಲೆ ಬರ್ತೀನಿ ಅಂತ ಚಪ್ಪಲಿ ಮೆಟ್ಟಿಕೊಂಡು ಹೋದರು.

ಅವಳ ಬಾಯಲ್ಲಿ ನಾಲ್ಕು ಗುಂಡುಪಿನ್ನುಗಳಿದ್ದವು. ಒಂದೊಂದೇ ತೆಗೆದು ಪಿನ್ನಿನ ದಿಂಬಿಗೆ ಚುಚ್ಚಿದಳು. ಆಮೇಲೆ ಕೇಳಿದಳು.

“ಮುಂದಿನದು ಬಲಗಡೆಗೆ ಹಾಕಿದ್ರಾ?”

“ಹೂಂ.”

“ಗುಡ್ಡದ ಮೇಲೆ ನಾನು ಕೇಳಿದಾಗಲೂ ಹಾಗೇ ಇತ್ತು.”

“ಹೂಂ. ನಿಧಾನಿ ತಪ್ಪು ಹಾಕಿದ್ದಾನೆ ಅಂದ್ಕೊಂಡೆ. ನಿನ್ನ ಕೈ ವಿಷಯ ನನಗೆ...”

“ಹೇಳಿದ್ದೆ. ಹೋಗ್ಲಿ ಬಿಡಿ. ಈಗ ಎಡಗಡೆಗೇ ಇದೆಯಲ್ಲ?”

“ನೀನು ಆಸ್ಪತ್ರೇಲಿದ್ದಾಗ ವಾಪಸ್ಸು ಬದಲಾಯಿಸಿದೆ.”

“ನನಗೆ ಗೊತ್ತಾಗಬಾರದು ಅಂತ.”

 ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ತನ್ನ ಎಡಗೈಯನ್ನು ಮೇಜಿನ ಮೇಲೆ ಚಾಚಿ ಇಟ್ಟುಕೊಂಡು ಅದನ್ನೇ ನೋಡಿದಳು.

“ಬಿದ್ದಿದ್ದು ಬಿಡಿ, ಬಿದ್ದವರು ಏಳ್ತಾರೆ. ಎರಡು ವರ್ಷ ದಿನಾ ಬೆಳಿಗ್ಗೆ ಈ ಕೈ ನೋಡಿ ಬೈತಿದ್ದೆ ಕಣ್ರೀ. ಬೇಕಾದ ಹೊತ್ತಿಗೆ ಕೈ ಕೊಟ್ಟೆಯಲ್ಲೇ ಅಂತ. ನೀವು ಪಕ್ಕದಲ್ಲೇ ನಿಂತು ಹಲ್ಲುಜ್ಜುತ್ತಿದ್ರಿ. ಕೇಳಿಸ್ಕೊಂಡು ಸುಮ್ಮನಿದ್ರಿ.”

“ತಪ್ಪಾಯ್ತು ಕಣೇ.”

“ನನಗೆ ಆಮೇಲೆ ಹೇಳಿ. ಮೊದಲು ಹೋಗಿ ಅವನಿಗೆ ಹೇಳಿ ಬನ್ನಿ.”

ಹೋದೆ. ನಿಧಾನಿ ಚಕ್ರವೊಂದನ್ನು ಸ್ಟ್ಯಾಂಡಿಗೆ ಹಾಕಿ ಕಡ್ಡಿ ಬಿಗಿಯುತ್ತಿದ್ದ. ನಿಂತೇ ಎಲ್ಲಾ ಹೇಳಿದೆ. ವೈರಿನ ಗಂಟನ್ನು ಅವನ ಹಾಗೇ ಹಾಕಿದ್ದನ್ನೂ ಬಿಡದೆ ಹೇಳಿದೆ. ಚಕ್ರ ತಿರುಗಿ ತಿರುಗಿ ತಾನೇ ನಿಂತಿತು.

“ಹೋದ ತಿಂಗಳು ಒಬ್ಬರು ತಾತ ಬಂದಿದ್ರು ಅಣ್ಣಾ” ಅಂದ. “ಬಲಗೈಯಲ್ಲಿ ಎರಡು ಬೆರಳಿಲ್ಲ. ಮುಂದಿನ ಬ್ರೇಕು ಎಡಕ್ಕೆ ಹಾಕ್ಕೊಡು ಮಗಾ ಅಂದ್ರು. ಆಗಲ್ಲ ತಾತ ಅಂತ ಕಳಿಸ್ಬಿಟ್ಟೆ. ಅತ್ತಿಗೆ ಬಿದ್ದ ಮೇಲೆ ನಾನು ಯಾರಿಗೂ ಹಾಕ್ಕೊಟ್ಟಿಲ್ಲ.”

ಅಷ್ಟೇ ಹೇಳಿ ಮತ್ತೆ ಕಡ್ಡಿಗೆ ಕೈ ಹಾಕಿದ. ಬಿಡಿ ಅಣ್ಣಾ, ಆಗಿದ್ದು ಆಯ್ತು ಅನ್ನುತ್ತಾನೇನೋ ಅಂತ ಸ್ವಲ್ಪ ಹೊತ್ತು ನಿಂತಿದ್ದೆ. ಅವನು ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ.

ಮನೆಗೆ ಬಂದಾಗ ಅವಳು ಸೈಕಲ್ಲನ್ನು ಅಂಗಳಕ್ಕೆ ತಂದು ನಿಲ್ಲಿಸಿಕೊಂಡಿದ್ದಳು. ಎಡಗೈಯಿಂದ ಎಡಗಡೆಯ ಬ್ರೇಕು ಹಿಡಿದಳು. ಅರ್ಧಕ್ಕೆ ಬಂದು ಬೆರಳುಗಳು ನಿಂತವು. ಮೊಣಕೈ ಮುರಿದಾಗಿನಿಂದ ಕೊನೆಯ ಎರಡು ಬೆರಳಿಗೆ ಜೋಮು, ಹೋಗಿಲ್ಲ. ಇನ್ನೊಮ್ಮೆ ಹಲ್ಲು ಕಚ್ಚಿ ಎಳೆದಳು. ಆಗಲಿಲ್ಲ. ಆಮೇಲೆ ಬಲಗೈಯಿಂದ ಬಲಗಡೆಯದು ಹಿಡಿದಳು. ಮುಕ್ಕಾಲು ಬಂತು.

“ಈ ಕೈಗಿಂತ ಆ ಕೈಯೇ ವಾಸಿ ಈಗ” ಅಂದಳು. “ಮುಂದಿನದು ಬಲಕ್ಕೇ ಹಾಕಿಬಿಡಿ. ಕೊನೆಗೂ ನಿಮ್ಮದೇ ಸರಿ ಆಯ್ತು.”

ಚುಚ್ಚಿ ಹೇಳಿದ್ದಲ್ಲ. ಬಟ್ಟೆಯ ಅಳತೆ ಹೇಳುವ ಹಾಗೆ ಹೇಳಿದಳು. ಜೀವನವಿಡೀ ನಾನೇ ಸರಿ, ನಾನೇ ಸರಿ ಅಂತ ಜಗತ್ತಿನ ಮೇಲೆ ಜಗಳ ಕಾದವನಿಗೆ ಆ ಮಾತು ಹೀಗೆ ಸಿಕ್ಕಿತು.

ನಟ್ಟು ಬಿಚ್ಚುವ ಪಾನಾ ತಂದು ಕೂತೆ. ಹದಿನೈದು ನಿಮಿಷದ ಕೆಲಸಕ್ಕೆ ಒಂದು ಗಂಟೆ ಹಿಡಿಯಿತು. ಪ್ರತಿ ಸುತ್ತಿಗೂ ನಿಲ್ಲಿಸಿ, “ಇಷ್ಟು ಸಾಕಾ? ಇನ್ನೂ ಸಡಿಲ ಮಾಡ್ಲಾ? ನೋವಾಗತ್ತಾ?” ಅಂತ ಕೇಳಿದೆ. ಅವಳು ಹಿಡಿದು ನೋಡಿ ನೋಡಿ ಹೇಳಿದಳು. ಎಲ್ಲಾ ಮುಗಿದ ಮೇಲೆ ಸೀಟಿನ ಮೇಲೆ ಕೈಯಿಟ್ಟುಕೊಂಡು ಕೇಳಿದಳು, “ಈ ಕೈಯಲ್ಲಿ ಆ ಗುಡ್ಡ ಇಳಿಯೋಕಾಗತ್ತೇನ್ರೀ?”

ಆಗತ್ತೆ ಅನ್ನಬಹುದಿತ್ತು. ನಾನು ಅಂದರೆ ಅವಳು ಇವತ್ತಿಗೂ ನಂಬುತ್ತಿದ್ದಳು, ನನಗೆ ಗೊತ್ತು.

“ಇಲ್ಲ ಕಣೇ. ಆಗಲ್ಲ.”

“ಸರಿ” ಅಂದಳು. “ಬೀದಿಗೆ ಸಾಕು.”

ಸೈಕಲ್ಲನ್ನು ಗೇಟಿನ ಹೊರಗೆ ತಳ್ಳಿಕೊಂಡು ಹೋಗಿ, ಎರಡು ಸಲ ಕಾಲೂರಿ, ಮೂರನೆಯ ಸಲ ಹತ್ತಿದಳು. ಸ್ವಲ್ಪ ಅಲ್ಲಾಡಿ ನೆಟ್ಟಗಾಯಿತು. ಮೆಲ್ಲಗೆ ಹೋದಳು. ತಿರುವು ಹತ್ತಿರ ಬಂತು. ಬೆಲ್ಲು ಹೊಡೆಯುತ್ತಾಳೇನೋ ಅಂತ ಗೇಟು ಹಿಡಿದುಕೊಂಡು ಕಿವಿಗೊಟ್ಟು ನಿಂತೆ. ಹೊಡೆಯಲಿಲ್ಲ. ಅವಳ ಎರಡೂ ಕೈ ಬ್ರೇಕಿನ ಮೇಲೆಯೇ ಇದ್ದವು.